ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕ್: ಮೊದಲು ಫೈಲು, ಆಮೇಲೆ ಸ್ಕ್ರೂಡ್ರೈವರ್

ಕಾರವಾರದಲ್ಲಿ ಹಳೇ ಲ್ಯಾಪ್‌ಟಾಪಿನ 1 ಟಿಬಿ ಡಿಸ್ಕ್ ಟಕ್ ಟಕ್ ಅನ್ನುತ್ತಿದೆ, ಅಂಥದ್ದೇ ಹಾಕಲೋ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕ್) ಹಾಕಲೋ ಎಂದು ಕೇಳಿದ್ದೀರಿ. ಎಸ್‌ಎಸ್‌ಡಿಯನ್ನೇ ಹಾಕಿ: 2.5 ಇಂಚು, ಸಾಟಾ ಎಂಬ ಬಗೆಯ ಕನೆಕ್ಟರಿನದು, 7 ಮಿ.ಮೀ. ದಪ್ಪ. ಹಳೆಯದು 9.5 ಮಿ.ಮೀ. ಇದ್ದರೂ ಅದರ ತಗಡಿನ ಚೌಕಟ್ಟಿಗೆ ಸ್ಕ್ರೂ ಬಿಗಿದರೆ ಸಾಕು, ಅಲುಗಾಡದು.

ಆದರೆ ಆ ಶಬ್ದ ಒಳ್ಳೆಯದಲ್ಲ. ಒಳಗೆ ಮಾಹಿತಿ ಓದುವ ತುದಿ, ಅಂದರೆ ಹೆಡ್, ಜಾಗ ಸಿಗದೆ ಹಿಂದೆ ಮುಂದೆ ಓಡುತ್ತಿರುತ್ತದೆ. ಇಡೀ ಡಿಸ್ಕ್ ಕ್ಲೋನ್ (ಇದ್ದಂತೆಯೇ ನಕಲು) ಮಾಡಲು ಹೋಗಬೇಡಿ, ನಡುವೆಯೇ ಕೈಕೊಟ್ಟೀತು. ಫೋಟೊ, ಕಾಗದಪತ್ರಗಳನ್ನು ಮೊದಲು ಹೊರಗೆ ಎಳೆದುಕೊಳ್ಳಿ. ವಿಂಡೋಸ್ ಹೊಸದಾಗಿಯೇ ಹಾಕಿ. ಅದಕ್ಕೆ 8 ಜಿಬಿ ಪೆನ್‌ಡ್ರೈವ್ ಸಾಕು.

ಬಿಚ್ಚುವಾಗ ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರನ್ನೂ ಬಿಡಿಸಿ. ಕೆಳಮುಚ್ಚಳ ಏಳದಿದ್ದರೆ ಜೋರು ಮಾಡಬೇಡಿ, ರಬ್ಬರ್ ಪಾದದಡಿ ಒಂದೆರಡು ಸ್ಕ್ರೂ ಅಡಗಿರುತ್ತವೆ. ಡಿಸ್ಕಿಗೆ ಪಟ್ಟಿ ಕೇಬಲ್ ಇದ್ದರೆ ಪಟ್ಟಿ ಹಿಡಿದು ಜಗ್ಗದೆ ಪ್ಲಾಸ್ಟಿಕ್ ತುದಿಯನ್ನೇ ಹಿಡಿಯಿರಿ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರಿನ ಬಂಗಾರದ ಬಣ್ಣದ ಪಿನ್ನುಗಳ ಮೇಲೆ ಹಸಿರು ಕಿಲುಬು ಹತ್ತಿದೆಯೇ ನೋಡಿ. ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೆತ್ತಗೆ ಒರೆಸಿ, ಪೂರ್ತಿ ಒಣಗಿಸಿ. ಇದನ್ನು ಬಿಟ್ಟರೆ ಹೊಸ ಡಿಸ್ಕೂ ಆಗಾಗ ಮಾಯವಾಗುತ್ತದೆ, ಬೈಗುಳ ಅಂಗಡಿಯವರಿಗೆ!

ಹಳೇ ಡಿಸ್ಕನ್ನು ಆಮೇಲೆ ಯುಎಸ್‌ಬಿಗೆ ಜೋಡಿಸಿದಾಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ರದ್ದು ಒತ್ತಿ.