ದಡಾರ ಒಂದೇ ಸಲ, ನೆಗಡಿ ಮಾತ್ರ ಮತ್ತೆ ಮತ್ತೆ ಏಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ಅಮ್ಮನಿಗೆ ಆರನೇ ವಯಸ್ಸಿನಲ್ಲಿ ದಡಾರ ಬಂದಿತ್ತಂತೆ. ಈಗ ಎಪ್ಪತ್ತು ದಾಟಿದೆ, ಮತ್ತೆಂದೂ ಬಂದಿಲ್ಲ. ನನಗೋ ವರ್ಷಕ್ಕೆ ಮೂರು ಸಲ ನೆಗಡಿ ತಪ್ಪಿದ್ದಲ್ಲ. ನನ್ನ ರೋಗನಿರೋಧಕ ಶಕ್ತಿ ಕುಗ್ಗಿದೆಯೇ? ಇನ್ನೊಂದು ವಿಷಯ. ದಡಾರ ತಾನಾಗಿ ಬಂದುಹೋದರೆ ಜೀವಮಾನಕ್ಕೆ ಸಾಕು, ಮಗುವಿಗೆ ಲಸಿಕೆ ಯಾಕೆ ಎನ್ನುತ್ತಾರೆ ನಮ್ಮ ಅತ್ತಿಗೆ. ಇದು ನಿಜವೇ?

ಉತ್ತರ: ವರ್ಷಕ್ಕೆ ಎರಡು ಮೂರು ನೆಗಡಿ ದೊಡ್ಡವರಲ್ಲಿ ಮಾಮೂಲು. ಪುಟ್ಟ ಮಕ್ಕಳಿಗೆ ಇನ್ನೂ ಹೆಚ್ಚು. ನಿಮ್ಮ ದೇಹದಲ್ಲಿ ಏನೂ ಕುಗ್ಗಿಲ್ಲ. ನಿಜ ಹೇಳಬೇಕೆಂದರೆ ‘ಶಕ್ತಿ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದೇನೋ ತೋಳಿನ ಬಲ, ಪುಡಿ ಮಾತ್ರೆ ನುಂಗಿದರೆ ಏರುತ್ತದೆ ಎಂದುಕೊಳ್ಳುತ್ತೇವೆ. ನೀವು ಕೇಳಿರುವ ಸಂಗತಿಗೆ ಬೇಕಿರುವುದು ಬಲಕ್ಕಿಂತ ನೆನಪು.

ಆ ನೆನಪು ಎಷ್ಟು ಗಟ್ಟಿ ನೋಡಿ. ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಗೆ 1846ರಲ್ಲಿ ದಡಾರ ನುಗ್ಗಿ, ಏಳೆಂಟು ಸಾವಿರ ಜನರಲ್ಲಿ ಸುಮಾರು ಆರು ಸಾವಿರ ಮಂದಿ ಹಾಸಿಗೆ ಹಿಡಿದರು. ಅಲ್ಲಿಗೆ ಹೋದ ಪೀಟರ್ ಪಾನುಮ್ ಎಂಬ ಎಳೆಯ ಡ್ಯಾನಿಷ್ ವೈದ್ಯ ಒಂದು ವಿಚಿತ್ರ ಗಮನಿಸಿದ. ಕೆಲವು ಮುದುಕರಿಗೆ ಏನೂ ಆಗಿರಲಿಲ್ಲ. ವಿಚಾರಿಸಿದರೆ, ಅವರಿಗೆಲ್ಲ 1781ರಲ್ಲಿ, ಮಕ್ಕಳಾಗಿದ್ದಾಗಲೇ ದಡಾರ ಬಂದು ಹೋಗಿತ್ತು. ನಡುವಿನ 65 ವರ್ಷ ಆ ದ್ವೀಪಗಳಲ್ಲಿ ದಡಾರದ ಸುಳಿವಿಲ್ಲ. ಆದರೂ ದೇಹ ಮರೆತಿರಲಿಲ್ಲ.

ಆಗುವುದು ಇಷ್ಟು. ಹೊಸ ವೈರಸ್ ಒಳಬಂದಾಗ, ಅದಕ್ಕೆ ಹೊಂದುವ ಬಿಳಿ ರಕ್ತಕಣಗಳು ಕೋಟಿಗಟ್ಟಲೆ ಕಣಗಳ ನಡುವೆ ಎಲ್ಲೋ ಕೆಲವೇ ಇರುತ್ತವೆ. ಅವು ವೈರಸ್ಸನ್ನು ಗುರುತಿಸಿ, ಒಂದು ನೂರಾಗಿ, ನೂರು ಸಾವಿರವಾಗಿ ಪ್ರತಿಕಾಯ (ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನು) ಸುರಿಸುವಷ್ಟರಲ್ಲಿ ವಾರ ಕಳೆದಿರುತ್ತದೆ. ನಾವು ಮಲಗುವುದು ಆ ವಾರದಲ್ಲೇ. ಕಾಯಿಲೆ ವಾಸಿಯಾದ ಮೇಲೆ ಈ ದಂಡಿನ ಬಹುಪಾಲು ಸಾಯುತ್ತದೆ. ಉಳಿದವುಗಳಲ್ಲಿ ಕೆಲವು ನೆನಪಿನ ಕಣಗಳಾಗಿ ಕಾವಲಿರುತ್ತವೆ, ಕೆಲವು ಮೂಳೆಯೊಳಗಿನ ಅಸ್ಥಿಮಜ್ಜೆ ಸೇರಿ ದಶಕಗಟ್ಟಲೆ ಪ್ರತಿಕಾಯ ತಯಾರಿಸುತ್ತಲೇ ಇರುತ್ತವೆ.

ಹಾಗಾದರೆ ನೆಗಡಿಯ ನೆನಪು ಯಾಕೆ ಉಳಿಯುವುದಿಲ್ಲ? ಉಳಿಯುತ್ತದೆ. ಆದರೆ ನೆಗಡಿ ಒಂದು ರೋಗವಲ್ಲ, ನೂರಾರು ವೈರಸ್ಸುಗಳಿಗೆ ನಾವಿಟ್ಟ ಒಂದೇ ಹೆಸರು. ಅವುಗಳಲ್ಲಿ ಮುಖ್ಯವಾದ ರೈನೋವೈರಸ್‌ನಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಕಳೆದ ಸಲ ಬಂದವನ ಗುರುತು ಈ ಸಲ ಬಂದವನಿಗೆ ಒಪ್ಪುವುದಿಲ್ಲ. ದಡಾರದ ವೈರಸ್ ಹಾಗಲ್ಲ. ಪ್ರತಿಕಾಯಗಳು ಹಿಡಿಯುವ ಅದರ ಭಾಗಗಳೇ ಅದಕ್ಕೆ ಜೀವಕೋಶದ ಬಾಗಿಲು ತೆರೆಯಲೂ ಬೇಕು, ಬದಲಿಸಿಕೊಂಡರೆ ಅದಕ್ಕೇ ನಷ್ಟ. ಹಾಗಾಗಿಯೇ 1954ರಲ್ಲಿ ಪ್ರತ್ಯೇಕಿಸಿದ ವೈರಸ್ಸಿನಿಂದ ಮಾಡಿದ ಲಸಿಕೆ ಇಂದಿಗೂ ಕೆಲಸ ಮಾಡುತ್ತಿದೆ.

ಸಮಯದ ಲೆಕ್ಕವೂ ಇದೆ, ನನಗೆ ತುಂಬ ಇಷ್ಟವಾದ ಲೆಕ್ಕ. ದಡಾರದ ವೈರಸ್ ಶ್ವಾಸನಾಳದಿಂದ ದುಗ್ಧಗ್ರಂಥಿಗೆ (ಬಿಳಿ ರಕ್ತಕಣಗಳು ಸೇರುವ ಲಿಂಫ್ ಗ್ರಂಥಿ), ಅಲ್ಲಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಹರಡಿ ಜ್ವರ ತರಲು ಹತ್ತು ದಿನ ಹಿಡಿಯುತ್ತದೆ, ಗುಳ್ಳೆ ಏಳಲು ಸುಮಾರು ಎರಡು ವಾರ. ಅಷ್ಟರೊಳಗೆ ನೆನಪಿನ ಕಣಗಳು ಎದ್ದು ಕೆಲಸ ಮುಗಿಸಿಬಿಡುತ್ತವೆ. ನೆಗಡಿಯ ವೈರಸ್ ಮೂಗಿನ ಲೋಳೆಪೊರೆ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ, ಒಂದೆರಡು ದಿನದಲ್ಲೇ ಸೀನು ಶುರು. ಅಲ್ಲಿ ಕಾವಲಿರುವ ಪ್ರತಿಕಾಯಗಳು ಬೇಗ ಇಳಿದುಹೋಗುತ್ತವೆ. ಅಂದಹಾಗೆ, ಆ ಸೀನು, ಸುರಿಯುವ ಮೂಗು ಬಹುಪಾಲು ನಮ್ಮ ರಕ್ಷಣಾ ವ್ಯವಸ್ಥೆಯದೇ ಕೆಲಸ. ಅಂದರೆ ನಿಮ್ಮ ಸೈನ್ಯ ಚೆನ್ನಾಗಿಯೇ ಎಚ್ಚರವಿದೆ! ಪದೇ ಪದೇ ನ್ಯುಮೋನಿಯಾ, ಆಸ್ಪತ್ರೆ ಸೇರುವಂಥ ಸೋಂಕು, ವಾಸಿಯಾಗದ ಬಾಯಿಯ ಬಿಳಿ ಪದರ, ಇಂಥವು ಕಂಡರೆ ಮಾತ್ರ ಪರೀಕ್ಷೆ ಬೇಕು.

ಇನ್ನು ಅತ್ತಿಗೆಯವರ ಮಾತು. ಅರ್ಧ ನಿಜ, ಪಾನುಮ್ ಕಂಡ ಮುದುಕರೇ ಸಾಕ್ಷಿ. ಉಳಿದರ್ಧದಲ್ಲಿ ಅಪಾಯವಿದೆ. ದಡಾರದ ವೈರಸ್ ನೆನಪಿನ ಕಣಗಳಿಗೇ ಕೈಹಾಕುತ್ತದೆ. ತನ್ನ ನೆನಪನ್ನು ಬಿಟ್ಟು ಉಳಿದವರದ್ದನ್ನು ಅಳಿಸುತ್ತದೆ. ಲಸಿಕೆ ಹಾಕಿಸಿಕೊಳ್ಳದೆ ದಡಾರ ಬಂದ ನೆದರ್‌ಲೆಂಡ್ಸ್‌ನ ಮಕ್ಕಳ ರಕ್ತವನ್ನು ಕಾಯಿಲೆಗೆ ಮೊದಲು ಮತ್ತು ಆಮೇಲೆ ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳ ವೈವಿಧ್ಯ ಶೇ. 11ರಿಂದ 73ರಷ್ಟು ನಾಶವಾಗಿತ್ತು. ಮಗು ಅಲ್ಲಿಯವರೆಗೆ ಜ್ವರ, ಕೆಮ್ಮು ಅನುಭವಿಸಿ ಕಲಿತ ಪಾಠಗಳಲ್ಲಿ ಎಷ್ಟೋ ಮತ್ತೆ ಮೊದಲಿನಿಂದ. ಜೊತೆಗೆ ಸಾವಿರಕ್ಕೆ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತ.

ಲಸಿಕೆಯಲ್ಲಿರುವ ದುರ್ಬಲ ವೈರಸ್ ಈ ಅಳಿಸಾಟ ಮಾಡುವುದಿಲ್ಲ. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಸುಮಾರು ಶೇ. 97. ಒಂದೇ ಡೋಸಿಗೆ ನಿಲ್ಲಿಸಿದ್ದರೆ, ಅಥವಾ ತಾರೀಖು ತಪ್ಪಿಹೋಗಿದ್ದರೆ, ಈಗಲೂ ಕೊಡಿಸಬಹುದು. ಮಗುವಿನ ಲಸಿಕೆ ಕಾರ್ಡ್ ಹಿಡಿದು ನಿಮ್ಮ ಮಕ್ಕಳ ವೈದ್ಯರ ಬಳಿ ಹೋಗಿ.