ಓದುಗರ ಪ್ರಶ್ನೆ: ಹಂಸಕ್ಕೂ ಝಾಸಿಸ್‌ಗೂ ಏನು ನಂಟು?

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ಕಾಜಿಮಿಯೆರಸ್ ಬೂಗಾ ಅನ್ನೋ ಹೆಸರು ಎತ್ತಿದ್ದೆ. ಯುರೋಪಿನ ಲಿಥುವೇನಿಯಾದವರು, ಬಾಲ್ಟಿಕ್ (ಲಿಥುವೇನಿಯನ್, ಲಾಟ್ವಿಯನ್ ಥರದವು) ಮತ್ತು ಸ್ಲಾವಿಕ್ (ರಷ್ಯನ್ ಥರದವು) ಭಾಷೆಗಳನ್ನು ಅರೆದು ಕುಡಿದಿದ್ದವರು ಅಂತ ಒಂದೇ ಒಂದು ಸಾಲು. ಅಷ್ಟಕ್ಕೇ ಇಷ್ಟು ಪ್ರಶ್ನೆ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿದ್ದೇನೆ, ತಮ್ಮ ಪ್ರಶ್ನೆ ಕಾಣಲಿಲ್ಲ ಅಂತ ಯಾರೂ ಮುನಿಸಿಕೊಳ್ಳಬೇಡಿ.

ಪ್ರ: ಲಿಥುವೇನಿಯನ್ ಭಾಷೆ ಸಂಸ್ಕೃತದಿಂದಲೇ ಹುಟ್ಟಿದ್ದು, ಅಲ್ಲಿನ ರೈತರಿಗೆ ಸಂಸ್ಕೃತ ಮಾತಾಡಿದರೆ ಅರ್ಥ ಆಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?

ಉ: ಎರಡೂ ನಿಜ ಅಲ್ಲ. ಆದರೆ ಆ ಮೆಸೇಜು ಬರೆದವರು ಯಾಕೆ ಮರುಳಾದರು ಅನ್ನೋದು ಅರ್ಥ ಆಗುತ್ತೆ. ಲಿಥುವೇನಿಯನ್‌ನಲ್ಲಿ ಬೆಂಕಿಗೆ ಉಗ್ನಿಸ್. ಹೊಗೆಗೆ ದೂಮಾಯ್. ಹಲ್ಲಿಗೆ ದಾಂತಿಸ್, ಜೇನಿಗೆ ಮೆದುಸ್, ಮಗನಿಗೆ ಸೂನುಸ್, ದೇವರಿಗೆ ದಿಯೆವಸ್. ಅಲ್ಲೊಂದು ಹಳೇ ಗಾದೆ ಇದೆ: 'ದಿಯೆವಸ್ ದಾವೆ ದಾಂತಿಸ್, ದಿಯೆವಸ್ ದುಓಸ್ ಇರ್ ದುಓನೊಸ್'. ದೇವರು ಹಲ್ಲು ಕೊಟ್ಟ, ಬ್ರೆಡ್ಡನ್ನೂ ಕೊಡ್ತಾನೆ ಅಂತ. ಸಂಸ್ಕೃತ ಓದಿದವರಿಗೆ ದೇವ, ದಂತ, ದಾನ ಎಲ್ಲ ಕಿವಿಗೆ ಬಿದ್ದ ಹಾಗೇ ಆಗುತ್ತೆ. ನಮ್ಮಲ್ಲಿ 'ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ' ಅಂತೀವಲ್ಲ, ಅದೇ ಭಾವ.

ಆದರೆ ಒಂದು ವಿಷಯ ಗಮನಿಸಿ. ನಾವೂ ಅಗ್ನಿ ಅಂತೀವಿ, ದಂತ ಅಂತೀವಿ. ಅವು ನಾವು ಸಂಸ್ಕೃತದಿಂದ ಕಡ ತಂದ ಮಾತುಗಳು. ನಮ್ಮ ಸ್ವಂತದ್ದು ಬೆಂಕಿ, ಹಲ್ಲು. ಲಿಥುವೇನಿಯನ್ನರ ಉಗ್ನಿಸ್ ಹಾಗಲ್ಲ, ಅದು ಅವರ ಮನೆಯದೇ. ಸಂಸ್ಕೃತಕ್ಕೂ ಲಿಥುವೇನಿಯನ್‌ಗೂ ಒಂದೇ ಹಳೇ ಮೂಲ ಇತ್ತು, ಎರಡೂ ಅಲ್ಲಿಂದ ಬೇರೆ ಬೇರೆ ದಾರಿ ಹಿಡಿದವು. ಅಕ್ಕತಂಗಿಯರು ಅನ್ನಿ, ಅಥವಾ ದೂರದ ದಾಯಾದಿಗಳು. ತಾಯಿ ಮಗಳಂತೂ ಅಲ್ಲ. ಇನ್ನು ಆ ರೈತನ ವಿಷಯ. ಅವನ ಮುಂದೆ ಸಂಸ್ಕೃತ ಶ್ಲೋಕ ಹೇಳಿದರೆ ಅವನು ನಿಮ್ಮ ಮುಖ ನೋಡುತ್ತಾನೆ, ಅಷ್ಟೇ.

ಪ್ರ: ಹಾಗಾದ್ರೆ ಎರಡು ಪದಕ್ಕೆ ನಂಟಿದೆಯೋ ಇಲ್ಲವೋ ಅಂತ ಈ ವಿದ್ವಾಂಸರು ಹೇಗೆ ಹೇಳುತ್ತಾರೆ? ಕೇಳೋಕೆ ಒಂದೇ ಥರ ಇದ್ದರೆ ಸಾಕಲ್ವಾ?

ಉ: ಸಾಲದು. ಪರ್ಷಿಯನ್‌ನ 'ಬದ್' ಅಂದರೆ ಕೆಟ್ಟದ್ದು, ಇಂಗ್ಲಿಷಿನ 'ಬ್ಯಾಡ್' ಅಂದರೂ ಕೆಟ್ಟದ್ದು. ಎರಡಕ್ಕೂ ಸಂಬಂಧವೇ ಇಲ್ಲ, ಬರೀ ಕಾಕತಾಳೀಯ. ಇನ್ನೊಂದು ಕಡೆ, ಲಿಥುವೇನಿಯನ್‌ನಲ್ಲಿ ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಗೆ ಝಾಸಿಸ್ ಅಂತಾರೆ. (ಆ ಝ ನಮ್ಮ ಝ ಅಲ್ಲ, ನಾಲಿಗೆ ಮೆತ್ತಗೆ ಉಜ್ಜಿದ ಹಾಗೆ ಬರುವ ಸದ್ದು, ಬರೆಯೋಕೆ ನಮ್ಮಲ್ಲಿ ಅಕ್ಷರ ಇಲ್ಲ.) ಈ ಝಾಸಿಸ್‌ಗೂ ಸಂಸ್ಕೃತದ ಹಂಸಕ್ಕೂ ಕೇಳೋಕೆ ಏನೇನೂ ಹೋಲಿಕೆ ಇಲ್ಲ. ಆದರೂ ಅವು ಒಂದೇ ಪದ.

ಹೇಗೆ ಗೊತ್ತು ಅಂದರೆ, ಹೀಗೆ. ಚಳಿಗಾಲಕ್ಕೆ ಲಿಥುವೇನಿಯನ್‌ನಲ್ಲಿ ಝಿಯೆಮಾ, ಸಂಸ್ಕೃತದಲ್ಲಿ ಹಿಮ. ಗಾಡಿಯಲ್ಲಿ ಸಾಗಿಸೋದಕ್ಕೆ ಅವರದು ವೆಝ್ತಿ, ಸಂಸ್ಕೃತದ್ದು ವಹ್ (ನಮ್ಮ ವಾಹನ ಬಂದಿದ್ದು ಅಲ್ಲಿಂದಲೇ). ಅಲ್ಲಿ ಝ ಇದ್ದರೆ ಇಲ್ಲಿ ಹ, ಮತ್ತೆ ಮತ್ತೆ. ಒಂದು ಸಲ ಆದರೆ ಅದೃಷ್ಟ, ಹತ್ತು ಸಲ ಆದರೆ ನಿಯಮ. ಹಾಗೇ ಅವರ ಶ ಇದ್ದಲ್ಲಿ ಸಂಸ್ಕೃತದ ಶ: ನೂರಕ್ಕೆ ಶಿಮ್ತಸ್ ಮತ್ತು ಶತ, ಹತ್ತಕ್ಕೆ ದೆಶಿಮ್ತ್ ಮತ್ತು ದಶ, ನಾಯಿಗೆ ಶುಓ ಮತ್ತು ಶ್ವಾನ.

ಈಗ ಸ್ಲಾವಿಕ್ ಭಾಷೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ಲಿಥುವೇನಿಯನ್ ಝ ಬಂದ ಕಡೆ ರಷ್ಯನ್‌ನಲ್ಲಿ ಇಂಗ್ಲಿಷಿನ ಝೆಡ್ ಥರದ ಜ಼ ಬರುತ್ತೆ. ಚಳಿಗಾಲಕ್ಕೆ ಜ಼ಿಮಾ, ಸಾಗಿಸೋದಕ್ಕೆ ವೆಜ಼್ತಿ. ಲೆಕ್ಕ ಸರಿಯಾಗಿದೆ. ಅದೇ ಲೆಕ್ಕದಲ್ಲಿ ಹಂಸಕ್ಕೆ ರಷ್ಯನ್‌ನಲ್ಲಿ 'ಜ಼ುಸ್' ಅಂತ ಇರಬೇಕಿತ್ತು. ಇರೋದು 'ಗುಸ್'. ಕೈ ಕೊಟ್ಟಿತು! ಸುಮ್ನೆ ಹೋಲಿಕೆ ನೋಡುವವರು ಇಂಥ ಕಡೆ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ನಿಜವಾದ ವಿದ್ವಾಂಸರು ಎದ್ದು ಕೂರೋದೇ ಇಲ್ಲಿ. ಪಕ್ಕದ ಜರ್ಮನ್ ಕುಲದ ಭಾಷೆಯವರಿಂದ ಬಂದ ಪದ ಇರಬಹುದು ಅಂತ ಕೆಲವರು, ಒಳಗೇ ಆದ ಬದಲಾವಣೆ ಅಂತ ಇನ್ನು ಕೆಲವರು, ಜಗಳ ಇನ್ನೂ ನಡೀತಾ ಇದೆ.

ಪ್ರ: ಬೂಗಾ ಯಾರು, ಎಲ್ಲಿಯವರು? ಸ್ವಲ್ಪ ವಿವರವಾಗಿ ಹೇಳಿ.

ಉ: ಹುಟ್ಟಿದ್ದು 1879ರಲ್ಲಿ, ಲಿಥುವೇನಿಯಾದ ಈಶಾನ್ಯಕ್ಕೆ ದುಸೆಟೊಸ್ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾದ ತ್ಸಾರ್ ಕೈಯಲ್ಲಿದ್ದ ನಾಡು. 1864ರಿಂದ 1904ರ ತನಕ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಅಕ್ಷರದಲ್ಲಿ ಅಚ್ಚು ಹಾಕೋದೇ ಅಪರಾಧ. ಪ್ರಾರ್ಥನೆ ಪುಸ್ತಕ ಕೂಡ ಗಡಿಯಾಚೆಯ ಪ್ರಶ್ಯಾದಲ್ಲಿ ಅಚ್ಚಾಗಿ, ಕಳ್ಳದಾರಿಯಲ್ಲಿ ಗಂಟುಕಟ್ಟಿಕೊಂಡು ಒಳಗೆ ಬರಬೇಕಿತ್ತು. ಹಾಗೆ ಹೊತ್ತು ತರುವವರಿಗೆ ಒಂದು ಹೆಸರೇ ಇತ್ತು, ಕ್ನಿಗ್ನೆಶಿಸ್, ಅಂದರೆ ಪುಸ್ತಕ ಹೊರುವವನು. ನಿಷೇಧ ಹೋದಾಗ ಬೂಗಾಗೆ ಇನ್ನೇನು 25 ವರ್ಷ. ತನ್ನ ಭಾಷೆಯ ಪುಸ್ತಕ ಕದ್ದುಮುಚ್ಚಿ ಬರುವ ಕಾಲದಲ್ಲಿ ಬೆಳೆದ ಹುಡುಗ ನಿಘಂಟು ಮಾಡೋಕೆ ಕೂತದ್ದರಲ್ಲಿ ನನಗಂತೂ ಆಶ್ಚರ್ಯ ಕಾಣೋದಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರಿಗೆ ಸಿಕ್ಕವರು ಕಾಜಿಮಿಯೆರಸ್ ಯೌನಿಯುಸ್. ಪಾದ್ರಿ, ಭಾಷಾ ವಿದ್ವಾಂಸ, ಬರೆಯೋದರಲ್ಲಿ ಮಹಾ ಸೋಮಾರಿ. ತಲೆಯಲ್ಲಿ ಸಮುದ್ರ, ಕಾಗದದ ಮೇಲೆ ನಾಲ್ಕು ಹನಿ. ಬೂಗಾ ಅವರ ಬಳಿ ಕೆಲಸಕ್ಕೆ ಸೇರಿ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಲಿಥುವೇನಿಯನ್ ಉಪಭಾಷೆಗಳು, ಉಚ್ಚಾರದ ಏರಿಳಿತ ಇವೆಲ್ಲ ಯೌನಿಯುಸ್‌ಗೆ ಕರತಲಾಮಲಕ. ಆದರೆ ಪದಗಳ ಮೂಲ ಹೇಳೋ ವಿಷಯಕ್ಕೆ ಬಂದರೆ ಅವರ ಕುದುರೆಗೆ ಲಗಾಮು ಇರಲಿಲ್ಲ. ಬೂಗಾ ಗುರುವನ್ನು ಪೂರ್ತಿ ನಂಬಿ 1908ರಲ್ಲಿ ಆ ದಾರಿಯಲ್ಲೇ ಒಂದು ಪುಸ್ತಕ ಹೊರತಂದರು. ಯೌನಿಯುಸ್ ತೀರಿಕೊಂಡದ್ದೂ ಅದೇ ವರ್ಷ.

ಆಮೇಲೆ ವಿಶ್ವವಿದ್ಯಾಲಯದ ಓದು ಮುಂದುವರಿದು, ಭಾಷಾವಿಜ್ಞಾನಿ ಬೋಡುವೆನ್ ದೆ ಕೂರ್ತೆನೆ ಅಂಥವರ ಪಾಠ ಕೇಳಿ, ನಿಯಮ ಹಿಡಿದು ಲೆಕ್ಕ ಹಾಕೋದನ್ನು ಕಲಿತ ಮೇಲೆ, ಬೂಗಾಗೆ ತನ್ನ ಪುಸ್ತಕದಲ್ಲಿ ಎಷ್ಟು ಗಾಳಿ ತುಂಬಿದೆ ಅಂತ ಗೊತ್ತಾಯಿತು. ಗೊತ್ತಾದದ್ದನ್ನು ಮುಚ್ಚಿಡಲಿಲ್ಲ. ಆ ದಾರಿ ತಪ್ಪು ಅಂತ ಬಿಟ್ಟುಕೊಟ್ಟರು. ಗುರು ಮೇಲಿನ ಗೌರವ ಬಿಡದೆ ಗುರುವಿನ ಸಿದ್ಧಾಂತವನ್ನು ಬಿಡೋದು ಎಷ್ಟು ಕಷ್ಟ ಅಂತ ಆ ಜಾಗದಲ್ಲಿ ನಿಂತವರಿಗೇ ಗೊತ್ತು. ನನ್ನನ್ನು ಕೇಳಿದರೆ ಬೂಗಾ ದೊಡ್ಡವರಾದದ್ದು ಅಲ್ಲಿಂದ.

ಪ್ರ: ಲಿಥುವೇನಿಯಾದ ರಾಜರ ಹೆಸರುಗಳನ್ನು ಅವರೇ 'ರಿಪೇರಿ' ಮಾಡಿದರಂತೆ. ಅದು ಹೇಗೆ?

ಉ: ರಿಪೇರಿ ಒಳ್ಳೇ ಮಾತು! 13ನೇ ಶತಮಾನದ ರಾಜನೊಬ್ಬನ ಹೆಸರು ಸ್ಲಾವಿಕ್ ದಾಖಲೆಗಳಲ್ಲಿ ಮಿಂದೊವ್ಗ್ ಅಂತ ಇದೆ. 1253ರಲ್ಲಿ ಪಟ್ಟ ಕಟ್ಟಿಸಿಕೊಂಡವನು, ಲಿಥುವೇನಿಯಾದಲ್ಲಿ ಕಿರೀಟ ಇಟ್ಟ ರಾಜ ಅವನೊಬ್ಬನೇ. ಅವನ ಊರಿನವರು ಅವನನ್ನು ಏನಂತ ಕರೆಯುತ್ತಿದ್ದರು? ಬರೆದಿಟ್ಟವರು ಯಾರೂ ಇಲ್ಲ. ಬರೆದವರೆಲ್ಲ ಹೊರಗಿನವರು, ತಮ್ಮ ನಾಲಿಗೆಗೆ ತಿರುಗಿದ ಹಾಗೆ ಬರೆದರು.

ಬೂಗಾ ಮಾಡಿದ್ದು ಇಷ್ಟು. ಇಂಥ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ಮಿಂದೊವ್ಗ್, ವಿತೊವ್ತ್, ದೊವ್ಮೊಂತ್. ಎಲ್ಲದರಲ್ಲೂ ಒಂದು 'ಒವ್' ಇದೆ. ಲಿಥುವೇನಿಯನ್‌ನ 'ಔ' ಸ್ಲಾವಿಕ್ ಬರಹಗಾರರ ಕೈಯಲ್ಲಿ 'ಒವ್' ಆಗುತ್ತಿತ್ತು. ತಿರುಗಿಸಿ. ಮಿಂದೌಗಸ್, ವಿತೌತಸ್, ದೌಮಂತಸ್. ಹಳೇ ಲಿಥುವೇನಿಯನ್ ಹೆಸರುಗಳು ಎರಡು ತುಂಡು ಜೋಡಿಸಿ ಮಾಡಿದವು, ಹಾಗಾಗಿ ಪ್ರತಿ ತುಂಡೂ ಬೇರೆ ಹೆಸರುಗಳಲ್ಲಿ ಸಿಗುತ್ತದಾ ಅಂತ ತಾಳೆ ನೋಡಬಹುದು. 'ದೌಗ್' ಅಂದರೆ ಬಹಳ, 'ತೌತಾ' ಅಂದರೆ ಜನ. ತುಂಡುಗಳು ಕೂತವು. ಈಗ ಲಿಥುವೇನಿಯಾದಲ್ಲಿ ಮಿಂದೌಗಸ್ ಅನ್ನೋದು ಸಾಮಾನ್ಯ ಹುಡುಗನ ಹೆಸರು.

ಪ್ರ: ಬಾಲ್ಟಿಕ್, ಸ್ಲಾವಿಕ್ ಎರಡೂ ಒಂದೇ ಕುಟುಂಬವಾ, ಬೇರೆನಾ? ಮತ್ತೆ ಎಸ್ಟೋನಿಯನ್ ಯಾವ ಲೆಕ್ಕ?

ಉ: ಎಸ್ಟೋನಿಯನ್‌ನದು ಮೊದಲು ಮುಗಿಸೋಣ. ಬಾಲ್ಟಿಕ್ ಸಮುದ್ರದ ದಡದಲ್ಲಿದ್ದರೂ ಅದು ಫಿನ್ನಿಶ್ ಕುಲದ್ದು, ಈ ಲೆಕ್ಕಕ್ಕೆ ಬರೋಲ್ಲ. ಬಾಲ್ಟಿಕ್‌ನಲ್ಲಿ ಇವತ್ತು ಜೀವಂತ ಇರೋದು ಲಿಥುವೇನಿಯನ್ ಮತ್ತು ಲಾಟ್ವಿಯನ್. ಹಳೇ ಪ್ರಶ್ಯನ್ ಅಂತ ಮೂರನೆಯದಿತ್ತು, 18ನೇ ಶತಮಾನದ ಶುರುವಿನಲ್ಲಿ ಸತ್ತುಹೋಯಿತು.

ಇನ್ನು ನಂಟು. ಕೈಗೆ ಲಿಥುವೇನಿಯನ್‌ನಲ್ಲಿ ರಾಂಕಾ, ರಷ್ಯನ್‌ನಲ್ಲಿ ರುಕಾ. ತಲೆಗೆ ಗಲ್ವಾ, ಗೊಲೊವಾ. ಕಾಗೆ ಜಾತಿಯ ಹಕ್ಕಿಗೆ ವಾರ್ನಾ, ವೊರೊನಾ. ಇಷ್ಟು ನೋಡಿದ ಮೇಲೆ ಹತ್ತಿರದವರು ಅಂತ ಯಾರಾದರೂ ಹೇಳುತ್ತಾರೆ. ಎಷ್ಟು ಹತ್ತಿರ ಅನ್ನೋದೇ ತಕರಾರು. ಒಂದೇ ಕಾಂಡ ಆಮೇಲೆ ಕವಲಾಯಿತು ಅಂತ ಜರ್ಮನಿಯ ಶ್ಲೈಖರ್ ಹೇಳಿದ್ದರು. ಇಲ್ಲ, ಎರಡೂ ಬೇರೆಬೇರೆಯಾಗಿ ಒಂದೇ ಥರ ಬೆಳೆದವು ಅಂತ ಫ್ರಾನ್ಸಿನ ಮೆಯೆ 1908ರಲ್ಲಿ ಹೇಳಿದರು. ಲಾಟ್ವಿಯಾದ ಯಾನಿಸ್ ಎಂಡ್ಜೆಲೀನ್ಸ್ ನಡುವಿನ ದಾರಿ ಹಿಡಿದರು. ಈಗ ಜಾಸ್ತಿ ಜನ ಒಂದು ಸಮಾನ ಘಟ್ಟ ಇತ್ತು ಅಂತಲೇ ಒಪ್ಪುತ್ತಾರೆ.

ಬೂಗಾ ಇದಕ್ಕೆ ಇನ್ನೊಂದು ಬಾಗಿಲು ತೆಗೆದರು: ನದಿಗಳ ಹೆಸರು. ಜನ ಗುಳೆ ಹೋಗುತ್ತಾರೆ, ಭಾಷೆ ಬದಲಾಗುತ್ತೆ, ನದಿಯ ಹೆಸರು ಮಾತ್ರ ಅಲ್ಲೇ ಉಳಿಯುತ್ತೆ. ಇವತ್ತು ಬೆಲಾರುಸಿಯನ್, ರಷ್ಯನ್ ಮಾತಾಡುವ ನಾಡಿನಲ್ಲಿ ಬಾಲ್ಟಿಕ್ ಹೆಸರಿನ ನದಿಗಳು ಹರಿಯುತ್ತಿವೆ ಅಂತ ಅವರು ತೋರಿಸಿದರು. ಅಂದರೆ ಹಿಂದೆ ಬಾಲ್ಟಿಕ್ ಜನ ಈಗಿನದಕ್ಕಿಂತ ಎಷ್ಟೋ ದೊಡ್ಡ ಜಾಗದಲ್ಲಿ ಹರಡಿಕೊಂಡಿದ್ದರು. 1962ರಲ್ಲಿ ರಷ್ಯಾದ ಭಾಷಾ ವಿದ್ವಾಂಸರಾದ ತೊಪೊರೊವ್ ಮತ್ತು ತ್ರುಬಚೋವ್ ದ್ನೀಪರ್ ನದಿಯ ಮೇಲ್ಭಾಗದ ಹೆಸರುಗಳನ್ನೆಲ್ಲ ಜಾಲಾಡಿ ಒಂದು ಪುಸ್ತಕವನ್ನೇ ಮಾಡಿದರು. ರಷ್ಯಾದ ತೂಲಾ ನಗರದಲ್ಲಿ ಹರಿಯುವ ನದಿಯ ಹೆಸರು ಉಪಾ. ಲಿಥುವೇನಿಯನ್‌ನಲ್ಲಿ ಉಪೆ ಅಂದರೆ ನದಿ, ಅಷ್ಟೇ! ನದಿಗೆ ನದಿ ಅಂತಲೇ ಹೆಸರು.

ಪ್ರ: ಅವರ ನಿಘಂಟು ಮೊದಲ ಅಕ್ಷರದಲ್ಲೇ ನಿಂತುಹೋಯಿತು ಅಂತಾರೆ. ಅಷ್ಟು ನಿಧಾನವಾ?

ಉ: ನಿಧಾನ ಅಲ್ಲ, ಆಯಸ್ಸು ಸಾಲಲಿಲ್ಲ. ಮಹಾಯುದ್ಧದ ಹೊತ್ತಿಗೆ ರಷ್ಯಾದ ಒಳಗೆ ಪೆರ್ಮ್‌ವರೆಗೂ ಹೋಗಿ ಪಾಠ ಹೇಳಿದರು, 1920ರಲ್ಲಿ ಸ್ವತಂತ್ರ ಲಿಥುವೇನಿಯಾಕ್ಕೆ ಬಂದರು, 1922ರಲ್ಲಿ ಕೌನಾಸ್‌ನ ಹೊಸ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಲಕ್ಷಗಟ್ಟಲೆ ಚೀಟಿಗಳು. ಒಂದೊಂದು ಚೀಟಿಯಲ್ಲೂ ಒಂದು ಪದ, ಅದನ್ನು ಬಳಸಿದ ಒಂದು ವಾಕ್ಯ, ಎಲ್ಲಿ ಸಿಕ್ಕಿತು ಅನ್ನೋ ಗುರುತು. ಒಬ್ಬ ಮನುಷ್ಯ ಅದನ್ನೆಲ್ಲ ಜೋಡಿಸಿ, ಪ್ರತಿ ಪದದ ಹುಟ್ಟು ಹುಡುಕಿ, ಉಚ್ಚಾರ ಗುರುತು ಹಾಕಿ ಬರೆಯಬೇಕು. ಅದೂ ಪಾಠ, ಪ್ರಬಂಧ ಎಲ್ಲದರ ನಡುವೆ. ಮೊದಲ ಸಂಚಿಕೆ 1924ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 2ಕ್ಕೆ ಕ್ಯೋನಿಗ್ಸ್‌ಬರ್ಗ್‌ನಲ್ಲಿ (ಈಗಿನ ಕಲಿನಿನ್‌ಗ್ರಾದ್) ತೀರಿಕೊಂಡರು. 45 ವರ್ಷ. ಎರಡನೇ ಸಂಚಿಕೆ ಮರುವರ್ಷ ಅವರಿಲ್ಲದೆ ಹೊರಬಂತು. ಎರಡೂ ಸೇರಿ 'ಎ' ಅಕ್ಷರವನ್ನೂ ದಾಟಿರಲಿಲ್ಲ.

ಪಕ್ಕದ ಲಾಟ್ವಿಯಾದಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಕಾರ್ಲಿಸ್ ಮೀಲೆನ್‌ಬಾಖ್ಸ್ 1916ರಲ್ಲಿ ತೀರಿಕೊಂಡಾಗ ಅವರ ನಿಘಂಟು 'ಪತುಮ್ಶ್ಸ್' ಅನ್ನೋ ಪದದ ತನಕ ಬಂದಿತ್ತು. ಅರ್ಥ ಏನು ಗೊತ್ತಾ? 'ಕೊಂಚ ಕತ್ತಲಾದ'. ಉಳಿದದ್ದನ್ನು ಎಂಡ್ಜೆಲೀನ್ಸ್ ಹೊತ್ತುಕೊಂಡು 1923ರಿಂದ 1932ರೊಳಗೆ ನಾಲ್ಕು ಸಂಪುಟ ಮುಗಿಸಿದರು. ಬೂಗಾ ಚೀಟಿಗಳ ಅದೃಷ್ಟ ಅಷ್ಟು ಬೇಗ ಖುಲಾಯಿಸಲಿಲ್ಲ. 1930ರಲ್ಲಿ ಯುಓಜಸ್ ಬಲ್ಚಿಕೊನಿಸ್ ಕೆಲಸ ಮತ್ತೆ ಶುರು ಮಾಡಿದರು, ಮೊದಲ ಸಂಪುಟ 1941ರಲ್ಲಿ ಬಂತು, ಇಪ್ಪತ್ತನೆಯದು, ಅಂದರೆ ಕೊನೆಯದು, 2002ರಲ್ಲಿ! ಮಧ್ಯೆ ಯುದ್ಧ, ಸೋವಿಯತ್ ಆಡಳಿತ, ಮತ್ತೆ ಸ್ವಾತಂತ್ರ್ಯ, ಎಲ್ಲ ಆಗಿಹೋಯಿತು.

ಪ್ರ: ನನಗೂ ಲಿಥುವೇನಿಯನ್ ಕಲಿಯೋ ಆಸೆ ಬಂದಿದೆ. ಎಲ್ಲಿಂದ ಶುರು ಮಾಡಲಿ?

ಉ: ಕಿವಿಯಿಂದ. ಆ ಇಪ್ಪತ್ತು ಸಂಪುಟದ ನಿಘಂಟು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇದೆ, ಆದರೆ ಅದನ್ನು ತೆರೆಯುವ ಮುಂಚೆ ಮಾತಾಡೋದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಬೂಗಾ ಏರಿಳಿತದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಸುಮ್ನೆ ಅಲ್ಲ. 'ಶೌಕ್' ಅಂತ ಒಂದು ಪದ ಇದೆ. ಒತ್ತು ಮೊದಲ ಅರ್ಧಕ್ಕೆ ಬಿದ್ದು ದನಿ ಇಳಿದರೆ 'ಗುಂಡು ಹಾರಿಸು'. ಒತ್ತು ಎರಡನೇ ಅರ್ಧಕ್ಕೆ ಸರಿದು ದನಿ ಏರಿದರೆ 'ಕೂಗು'. ದೂರದಲ್ಲಿರುವ ಸ್ನೇಹಿತನನ್ನು ಕೂಗಿ ಕರಿ ಅಂತ ಹೇಳುವಾಗ, ಪಕ್ಕದಲ್ಲಿ ಬೇಟೆಗಾರರು ಯಾರೂ ಇಲ್ಲ ಅಂತ ಒಮ್ಮೆ ನೋಡಿಕೊಳ್ಳಿ.