ಸಂತೆಯೂರಿನಲ್ಲಿ ಒಂದು ವಾರ

ಪ್ರಶ್ನೆ: ನಾವು ಹಾಸನದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕ ದಂಪತಿ. ಮಗ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಮುಂದಿನ ವರ್ಷ ಅವನ ಮನೆಗೆ ಹೋದಾಗ ಒಂದು ವಾರ ನಾವಿಬ್ಬರೇ ಯಾವುದಾದರೂ ಹಳೆಯ ಸಂತೆಯೂರಿನಲ್ಲಿ ತಂಗಬೇಕೆಂಬ ಆಸೆಯಿದೆ. ಮಗ ಲಡ್ಲೊ ಮತ್ತು ಸ್ಕಿಪ್ಟನ್ ಎಂಬ ಎರಡು ಊರುಗಳನ್ನು ಸೂಚಿಸಿದ್ದಾನೆ. ಪತ್ನಿಗೆ ಮಂಡಿನೋವಿದೆ, ಇಬ್ಬರೂ ಸಸ್ಯಾಹಾರಿಗಳು. ಯಾವ ಊರು, ಯಾವ ತಿಂಗಳು, ಎಂಥ ವಸತಿ ನಮಗೆ ಒಗ್ಗುತ್ತದೆ?
– ಓದುಗರು, ಹಾಸನ

ಉತ್ತರ: ನಿಮ್ಮ ಅಗತ್ಯಗಳನ್ನು ನೋಡಿದರೆ ಸ್ಕಿಪ್ಟನ್ನನ್ನೇ ಆರಿಸಿಕೊಳ್ಳಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ವೇಲ್ಸ್ ಗಡಿಗೆ ಸಮೀಪದ ಲಡ್ಲೊ ಬಹಳ ಚೆಲುವಾದ ಊರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಕೋಟೆ, ಸಂತೆ ಚೌಕ, ಚರ್ಚು ಎಲ್ಲವೂ ಟೀಮ್ ನದಿಯ ಮೇಲಿನ ದಿಬ್ಬದ ನೆತ್ತಿಯಲ್ಲಿದ್ದು, ನೋಡತಕ್ಕ ಬೀದಿಗಳು ಅಲ್ಲಿಂದ ಹೊಳೆಯತ್ತ ಇಳಿಯುತ್ತವೆ. ಮಂಡಿನೋವಿರುವವರು ಆ ಏರನ್ನು ದಿನದಿನವೂ ಹತ್ತಿಳಿಯುವುದು ಬೇಡ. ಸ್ಕಿಪ್ಟನ್ನಿಗೆ ಲೀಡ್ಸ್‌ನಿಂದ ನೇರ ರೈಲಿದೆ, ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. ಅಗತ್ಯ ಬಿದ್ದರೆ ಮಗ ಅದೇ ಸಂಜೆ ಬಂದು ಸೇರಿಕೊಳ್ಳಬಹುದು.

ಈ ಊರಿಗೆ ಸಂತೆ ನಡೆಸುವ ಹಕ್ಕುಪತ್ರ ಸಿಕ್ಕಿದ್ದು 1204ರಲ್ಲಿ, ಜಾನ್ ದೊರೆಯಿಂದ. ಇಂದಿಗೂ ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ ಹೈ ಸ್ಟ್ರೀಟ್ ಎಂಬ ಮುಖ್ಯ ಬೀದಿಯ ಇಕ್ಕೆಲಗಳಲ್ಲಿ, ಕಲ್ಲು ಹಾಸಿದ ಜಾಗದಲ್ಲಿ, ಮಳಿಗೆಗಳು ಏಳುತ್ತವೆ. ಆದ್ದರಿಂದ ತಂಗುವ ದಿನಗಳನ್ನು ವಿಮಾನದ ದರ ನೋಡಿಯಲ್ಲ, ಸಂತೆಯ ವಾರ ನೋಡಿ ಗೊತ್ತುಮಾಡಿಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ. ಅಡುಗೆಮನೆಯಿರುವ ಬಾಡಿಗೆ ಮನೆಗಳನ್ನು ಅಲ್ಲಿ ಬಹುತೇಕ ಶುಕ್ರವಾರದಿಂದ ಶುಕ್ರವಾರಕ್ಕೆ ಇಲ್ಲವೇ ಶನಿವಾರದಿಂದ ಶನಿವಾರಕ್ಕೆ ಕೊಡುವುದು ರೂಢಿ. ಶುಕ್ರವಾರ ಮಧ್ಯಾಹ್ನ ಹೋಗಿ ಇಳಿದರೆ ಮರುದಿನದ ಶನಿವಾರದ ಸಂತೆಯಲ್ಲಿ ವಾರದ ತರಕಾರಿ, ಬ್ರೆಡ್ಡು ಕೊಂಡು, ಸೋಮವಾರ ಮತ್ತು ಬುಧವಾರ ಅದೇ ವ್ಯಾಪಾರಿಗಳ ಬಳಿಗೆ ಮತ್ತೆ ಹೋಗಬಹುದು. ಸಕಲೇಶಪುರದ ಸಂತೆಯಲ್ಲಿ ಹೇಗೋ ಹಾಗೆಯೇ, ಎರಡನೆಯ ಸಲ ಹೋದಾಗ ಮುಖ ಗುರುತಾಗಿ ಮಾತು ತಾನಾಗಿಯೇ ಬೆಳೆಯುತ್ತದೆ. ಅಂಥ ಊರಿನಲ್ಲಿ ಒಂದು ವಾರವಿಡೀ ಉಳಿಯುವುದರ ನಿಜವಾದ ಲಾಭವೆಂದರೆ ಅದೇ.

ವಸತಿಯ ವಿಷಯದಲ್ಲಿ ಎಚ್ಚರ ಬೇಕು. ಚಾರಿತ್ರಿಕವೆಂದು ಸರ್ಕಾರ ಪಟ್ಟಿಮಾಡಿದ ಕಟ್ಟಡಗಳನ್ನು ಒಪ್ಪಿಗೆಯಿಲ್ಲದೆ ಮಾರ್ಪಡಿಸುವಂತಿಲ್ಲವಾದ್ದರಿಂದ ಹಲವೆಡೆ ಲಿಫ್ಟ್ ಇರುವುದಿಲ್ಲ, ಮೆಟ್ಟಿಲುಗಳು ಕಡಿದಾಗಿಯೂ ಇಕ್ಕಟ್ಟಾಗಿಯೂ ಇರುತ್ತವೆ. ಚಿತ್ರ ಚೆನ್ನಾಗಿದೆಯೆಂದು ಮುಂಗಡ ಕಟ್ಟಿಬಿಡಬೇಡಿ. ಮಲಗುವ ಕೋಣೆ ಮತ್ತು ಸ್ನಾನದ ಕೋಣೆ ಎರಡೂ ನೆಲಮಹಡಿಯಲ್ಲೇ ಇವೆಯೇ, ಸ್ನಾನಕ್ಕೆ ಎತ್ತರದ ತೊಟ್ಟಿಯೊಳಗೆ ಕಾಲಿಡಬೇಕೇ ಎಂದು ಪತ್ರ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಹೈ ಸ್ಟ್ರೀಟಿಗೆ ಮುಖಮಾಡಿದ ಕೋಣೆಗಿಂತ ಅದರ ಹಿಂದಿನ ಬೀದಿಯ ಮನೆ ಲೇಸು, ಸಂತೆಯ ದಿನ ನಸುಕಿನಲ್ಲೇ ಸದ್ದು ಶುರುವಾಗುತ್ತದೆ. ಅಡುಗೆಗೆ ಇಂಡಕ್ಷನ್ ಒಲೆಯಿದ್ದರೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲವೆಂಬುದನ್ನೂ ನೆನಪಿಡಿ.

ತಿಂಗಳೆಂದರೆ ಜೂನ್. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಅಲ್ಲಿ ಶಾಲೆಗಳಿಗೆ ರಜೆ, ಬಾಡಿಗೆ ಏರಿರುತ್ತದೆ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗಾದ್ದರಿಂದ ನಿಧಾನವಾಗಿ ನಡೆಯುವವರಿಗೂ ದಿನ ಸಾಲುತ್ತದೆ. ಬೆಳಗಿನ ಚಳಿ ಹಾಸನದ ಜನವರಿಗಿಂತ ಹೆಚ್ಚು, ಮಳೆ ಯಾವಾಗಲಾದರೂ ಬರಬಹುದು. ಸಂದರ್ಶಕರ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮೊದಲಷ್ಟೇ ಅರ್ಜಿ ಹಾಕಲು ಅವಕಾಶವಿರುವುದರಿಂದ, ವೀಸಾ ಕೈಸೇರುವ ತನಕ ರದ್ದುಪಡಿಸಿದರೆ ಹಣ ಮರಳುವ ವಸತಿಯನ್ನೇ ಹಿಡಿಯಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಏನಿದ್ದರೂ ಮುಚ್ಚಿಡದೆ ತಿಳಿಸಿ ಪ್ರಯಾಣ ವಿಮೆ ಮಾಡಿಸಿ. ಆಸ್ಪತ್ರೆಗೆ ಸೇರಿದರೆ ಸಂದರ್ಶಕರು ವೆಚ್ಚ ಭರಿಸಬೇಕಾಗುತ್ತದೆ.

ನೋಡುವುದಕ್ಕೆ ಅವಸರ ಬೇಡ. ಹೈ ಸ್ಟ್ರೀಟಿನ ತುದಿಯಲ್ಲೇ ಇರುವ ಕೋಟೆ, ಇಂಗ್ಲೆಂಡಿನ ದೊರೆಗೂ ಸಂಸತ್ತಿಗೂ ನಡೆದ ಆಂತರಿಕ ಯುದ್ಧದಲ್ಲಿ ಮೂರು ವರ್ಷ ಮುತ್ತಿಗೆಯನ್ನು ತಡೆದು 1645ರಲ್ಲಿ ಶರಣಾಯಿತು. ಅದನ್ನು ದುರಸ್ತಿ ಮಾಡಿಸಿದ ಲೇಡಿ ಆ್ಯನ್ ಕ್ಲಿಫರ್ಡ್ 1659ರಲ್ಲಿ ನೆಟ್ಟ ಯೂ ಮರ ಅಂಗಳದಲ್ಲಿ ಇಂದಿಗೂ ನಿಂತಿದೆ. ಒಳಗೆ ಸವೆದ ಕಲ್ಲು ಮೆಟ್ಟಿಲುಗಳಿವೆ. ನಿಮ್ಮ ಪತ್ನಿಯವರಿಗೆ ಅದು ಕಷ್ಟವೆನಿಸಿದ ದಿನ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ದಂಡೆಯ ದಾರಿ ಹಿಡಿಯಿರಿ; ಹಿಂದೆ ದೋಣಿಗಳನ್ನು ಕುದುರೆಗಳು ಎಳೆದ ದಾರಿಯಾದ್ದರಿಂದ ಅದು ಬಹುಪಾಲು ಸಮತಟ್ಟಾಗಿದೆ. ಒಂದು ದಿನ ಕಾರ್ಲೈಲ್ ಕಡೆಯ ರೈಲು ಹತ್ತಿ ರಿಬಲ್‌ಹೆಡ್‌ನ 24 ಕಮಾನುಗಳ ಸೇತುವೆಯನ್ನು ದಾಟಿ ಬನ್ನಿ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುದಾರಿಯನ್ನು ಪ್ರೀತಿಸುವವರು ಅದನ್ನು ತಪ್ಪಿಸಿಕೊಳ್ಳಬಾರದು.

ಪ್ರಶ್ನೆ: ಅದೇ ಸೀಮೆಗೆ ಹೋಗುವ ನಾವು ಶುದ್ಧ ಸಸ್ಯಾಹಾರಿಗಳು. ಹೊರಗೆ ಆಲೂಗಡ್ಡೆ ಚಿಪ್ಸ್ ತಿಂದು ಕಾಲ ಹಾಕಬಹುದೇ? ಊರಿನಿಂದ ತಿಂಡಿ ಒಯ್ಯಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಸ್ಕಿಪ್ಟನ್ ಇರುವ ಯಾರ್ಕ್‌ಷೈರಿನ ಮೀನು-ಚಿಪ್ಸ್ ಅಂಗಡಿಗಳಲ್ಲಿ ಗೋವಿನ ಕೊಬ್ಬಿನಲ್ಲೇ ಕರಿಯುವ ಪದ್ಧತಿ ಇನ್ನೂ ಇದೆ, ಯಾವುದರಲ್ಲಿ ಕರಿದಿದ್ದೆಂದು ಕೇಳದೆ ಚಿಪ್ಸ್ ಕೊಳ್ಳಲೇಬೇಡಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕೆಲವು ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಅಂಶ ಬಳಸುವುದರಿಂದ, ಅದನ್ನು ಕೊಳ್ಳುವಾಗಲೂ ಸಸ್ಯಾಹಾರಿಗಳಿಗೆ ತಕ್ಕುದೆಂಬ ಗುರುತನ್ನು ನೋಡಿ. ಕಾಫಿಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಲು ತೊಂದರೆಯಿಲ್ಲ. ಹಾಲಿನಿಂದಾದ ತುಪ್ಪ, ಖೋವಾ ಸಿಹಿಗಳಿಗೆ ಭಾರತದಿಂದ ಪ್ರವೇಶವಿಲ್ಲ. ಬೇಳೆ, ಮಸಾಲೆ ಬೇಕಾದರೆ ಸ್ಕಿಪ್ಟನ್ನಿನಿಂದ ನೇರ ರೈಲಿರುವ ಬ್ರ್ಯಾಡ್‌ಫರ್ಡಿನಲ್ಲಿ ನಮ್ಮ ಉಪಖಂಡದವರ ಅಂಗಡಿಗಳು ಬೇಕಾದಷ್ಟಿವೆ.